ಮಾತೆಯ ಜನ್ಮದಿನ, ಮಗಳ ಶಾಲೆ



ಸೆಪ್ಟೆಂಬರ್ 8ರ ಈ ಹಬ್ಬದಲ್ಲಿ ನಾವು ಒಂದು ಹೆಣ್ಣುಮಗುವಿನ ಜನನವನ್ನು ಕೊಂಡಾಡುತ್ತೇವೆ. ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸುವ ನಮ್ಮ ಪುಟ್ಟ ಹುಡುಗಿಯರ ಕೈಯಲ್ಲಿ ನಾಳೆಯೂ ಪುಸ್ತಕವಿರುತ್ತದೆಯೇ?

ಬಾಲ್ಯವಿವಾಹ ಆರಂಭವಾಗುವುದು ಮದುವೆಯ ಚಪ್ಪರದಲ್ಲಲ್ಲ, "ಬೇರೆ ಮನೆಗೆ ಹೋಗುವವಳು, ಓದಿ ಏನಾಗಬೇಕು?" ಎಂಬ ಮಾತಿನಲ್ಲಿ. ಮೂರನೇ ತರಗತಿಯ ಹುಡುಗಿ ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿಯುತ್ತಾಳೆ. ಪಾಠದಲ್ಲಿ ಹಿಂದೆ ಬೀಳುತ್ತಾಳೆ, ಕ್ರಮೇಣ ಶಾಲೆ ಬಿಡುತ್ತಾಳೆ. ಶಾಲೆ ಬಿಟ್ಟವಳಿಗೆ ಬೇಗನೆ ಗಂಡು ನೋಡುತ್ತಾರೆ.

2009ರ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ, 18 ತುಂಬದ ಹುಡುಗಿಯ ಮದುವೆ ಮಾಡಿಸಿದವರಿಗಷ್ಟೇ ಅಲ್ಲ, ಅದರಲ್ಲಿ ಪಾಲ್ಗೊಂಡವರಿಗೂ 2 ವರ್ಷದವರೆಗೆ ಸೆರೆವಾಸವಾಗಬಹುದು. ನೆಂಟಸ್ತಿಕೆ ಕೆಡಬಾರದೆಂದು ಉಡುಗೊರೆ ಹಿಡಿದು ಹೋಗಿ, ಉಂಡು ಬಂದರೆ ಆ ಪದ್ಧತಿಗೆ ನಾವೇ ಆಸರೆಯಾದಂತೆ.

ಆದ್ದರಿಂದ ಅಂಥ ಮದುವೆಗೆ ಹೋಗದಿರೋಣ. ಹೆತ್ತವರೊಡನೆ ಮಾತನಾಡೋಣ, ಕೇಳದಿದ್ದರೆ 1098ಕ್ಕೆ ಕರೆ ಮಾಡೋಣ. ನಮ್ಮ ಓಣಿಯಲ್ಲಿ ಶಾಲೆಗೆ ಹೋಗದ ಮಗು ಯಾವುದೆಂದು ಈ ವಾರವೇ ವಿಚಾರಿಸೋಣ. ಮಾತೆ ಮರಿಯಮ್ಮನವರು ನಮ್ಮೆಲ್ಲ ಹೆಣ್ಣುಮಕ್ಕಳಿಗಾಗಿ ಪ್ರಾರ್ಥಿಸಲಿ. ಆಮೆನ್.