ಇಪ್ಪತ್ತೊಂದು ಸಲ 'ಅಂದ್ರೆ'

ಹೆಡ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಇದೀರಾ ಅಂದ್ಕೋತೀನಿ. ಇವತ್ತು ನಾನು ಮಾಡಿದ ಒಂದು ಎಡವಟ್ಟಿನ ಕತೆ.

ಬೆಂಗಳೂರಲ್ಲಿ ನಾನೊಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗೆ ಹೋಗ್ತೀನಿ. ಭಾಷಣ ಕಲಿಯೋ ಕ್ಲಬ್. 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾ ಊರಲ್ಲಿ ರಾಲ್ಫ್ ಸ್ಮೆಡ್ಲಿ ಅನ್ನೋರು ಶುರು ಮಾಡಿದ್ದು, ಈಗ ಜಗತ್ತಿನ ತುಂಬಾ ಇದೆ. ನಮ್ಮ ಕ್ಲಬ್‌ನಲ್ಲಿ ಕನ್ನಡ, ಇಂಗ್ಲಿಷ್ ಎರಡೂ ನಡೆಯುತ್ತೆ. ಶನಿವಾರ ಸಂಜೆ, ಒಂದು ಶಾಲೆಯ ಕೋಣೆ, ಮಕ್ಕಳ ಬೆಂಚು, ಮಂಡಿ ಹಿಡಿಸೋದಿಲ್ಲ.

ಅಲ್ಲಿ ಎಲ್ಲರಿಗೂ ಒಂದೊಂದು ಕೆಲಸ. ಒಬ್ಬರು ಟೈಮರ್: ಹಸಿರು, ಹಳದಿ, ಕೆಂಪು ಕಾರ್ಡ್ ಎತ್ತೋರು. ಇನ್ನೊಬ್ಬರು ಭಾಷಣದ ಬಗ್ಗೆ ಅಭಿಪ್ರಾಯ ಹೇಳೋರು. ಅವತ್ತು ನಾನು 'ಆ-ಕೌಂಟರ್'. ಮಾತಿನ ಮಧ್ಯೆ ಬರೋ 'ಆ...', 'ಮ್ಮ್', 'ಸೋ', 'ಯು ನೋ' ಎಣಿಸೋ ಕೆಲಸ. ಕನ್ನಡದಲ್ಲಾದರೆ 'ಆಮೇಲೆ', 'ಒಂಥರಾ', 'ಏನಪ್ಪಾ ಅಂದ್ರೆ'. ಗೆರೆ ಎಳೀತಾ ಹೋಗಬೇಕು, ಕೊನೆಗೆ ಎದ್ದು ನಿಂತು ಲೆಕ್ಕ ಒಪ್ಪಿಸಬೇಕು.

ಮೊದಲು ಚೀಟಿ ಎತ್ತಿ ಒಂದೆರಡು ನಿಮಿಷ ಮಾತಾಡೋ ಸುತ್ತು. ಒಬ್ಬರು ಚೀಟಿ ಓದಿ, ನಕ್ಕು, "ಗೊತ್ತಿಲ್ಲ" ಅಂತ ಕೂತೇಬಿಟ್ಟರು. ಅವರಿಗೂ ಚಪ್ಪಾಳೆ.

ಆಮೇಲೆ (ಎಣಿಸ್ಕೊಳ್ಳಿ) ಒಬ್ಬ ಹುಡುಗಿ ಎದ್ದರು. ಚಳ್ಳಕೆರೆ ಕಡೆಯವರು, ಇಲ್ಲಿ ಕೆಲಸಕ್ಕೆ ಸೇರಿ ವರ್ಷ ಆಗಿಲ್ಲ. ಅವರ ಮೊದಲ ಭಾಷಣ. ಅದಕ್ಕೆ 'ಐಸ್ ಬ್ರೇಕರ್' ಅಂತಾರೆ, ನಾಲ್ಕರಿಂದ ಆರು ನಿಮಿಷ, ನಿಮ್ಮ ಬಗ್ಗೆ ನೀವೇ ಹೇಳೋದು. ಅವರು ಅಪ್ಪನ ಬಗ್ಗೆ ಹೇಳಿದರು. ಅಪ್ಪ ಕಂಬಳಿ ನೇಯೋರು.

ನಾನು ಗೆರೆ ಎಳೀತಾ ಕೂತಿದ್ದೆ. ಆರು ನಿಮಿಷದೊಳಗೆ ಇಪ್ಪತ್ತೊಂದು 'ಅಂದ್ರೆ'. ವರದಿಯಲ್ಲಿ ಅದನ್ನ ಸ್ವಲ್ಪ ತಮಾಷೆಯಾಗೇ ಹೇಳಿದೆ. ಎಲ್ಲರೂ ನಕ್ಕರು. ಅವರೂ ನಕ್ಕರು, ಆದ್ರೆ ಕೂಡಲೇ ತಲೆ ತಗ್ಗಿಸಿ ಫೋನ್ ನೋಡೋಕೆ ಶುರು ಮಾಡಿದರು.

ಆಗ ಹಿಂದಿನ ಬೆಂಚಿನ ಹಿರಿಯರೊಬ್ಬರು, ರಿಟೈರ್ಡ್ ಮೇಷ್ಟ್ರು, ಕೇಳಿದರು: "ಅದ್ರಲ್ಲಿ ತಡವರಿಸಿದ್ದೆಷ್ಟು, ನಮಗೆ ಅರ್ಥ ಬಿಡಿಸಿ ಹೇಳಿದ್ದೆಷ್ಟು ಮಾರಾಯ?"

ನನ್ನ ಹತ್ರ ಆ ಲೆಕ್ಕ ಇರಲಿಲ್ಲ.

ಯೋಚನೆ ಮಾಡಿ. ಕುರಿ ಉಣ್ಣೆಯ ಎಳೆಗೆ ಹುಣಸೆ ಬೀಜದ ಗಂಜಿ ಹಚ್ತಾರೆ, ಎಳೆ ಗಟ್ಟಿ ಆಗಲಿ ಅಂತ. ಇದು ಕೋಣೆಯಲ್ಲಿ ಯಾರಿಗೆ ಗೊತ್ತು? ಒಂದೊಂದು ಮಾತಿಗೂ ಅವರು ನಿಂತು, "ಅಂದ್ರೆ..." ಅಂತ ನಮಗೋಸ್ಕರ ಬಿಡಿಸಿ ಹೇಳಿದ್ದರು. 'ಯು ನೋ' ತೆಗೆದು ಹಾಕಿದ್ರೆ ವಾಕ್ಯಕ್ಕೆ ಏನೂ ಆಗಲ್ಲ. ಈ 'ಅಂದ್ರೆ' ತೆಗೆದ್ರೆ ಕೇಳೋನಿಗೆ ಕಂಬಳಿಯೇ ಕಾಣಲ್ಲ. ಇಂಗ್ಲಿಷ್‌ನವರ ಪಟ್ಟಿಯನ್ನ ಹಾಗೇ ಕನ್ನಡಕ್ಕೆ ತಂದಿಟ್ಟು, ನಾನು ಎಲ್ಲಕ್ಕೂ ಒಂದೇ ಗೆರೆ ಎಳೆದಿದ್ದೆ. ಅದಕ್ಕಿಂತ ನಾಚಿಕೆಯ ವಿಷಯ ಇನ್ನೊಂದು. ಸಂಖ್ಯೆ ನೆನಪಿತ್ತು, ಅವರಪ್ಪ ಈಗಲೂ ನೇಯ್ತಾರಾ ಇಲ್ವಾ ಅನ್ನೋದು ನನ್ನ ಕಿವಿಗೇ ಬಿದ್ದಿರಲಿಲ್ಲ.

ಸಭೆ ಮುಗಿದ ಮೇಲೆ ಬಸ್ ಸ್ಟಾಪಲ್ಲಿ ಸಿಕ್ಕರು. ಸಾರಿ ಕೇಳಿದೆ. "ಪರವಾಗಿಲ್ಲ ಬಿಡಿ ಸರ್" ಅಂದರು, ಪರವಾಗಿದೆ ಅನ್ನೋ ದನಿಯಲ್ಲಿ. ಆದರೂ ಕೇಳಿದೆ, ಅಪ್ಪ ಈಗ?

"ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದಾರೆ ಸರ್. ಅಂದ್ರೆ..." ಅಷ್ಟಕ್ಕೇ ನಿಲ್ಲಿಸಿಬಿಟ್ಟರು. ನನ್ನ ಮುಖ ನೋಡಿದರು.

"ಅಂದ್ರೆ?" ಅಂದೆ ನಾನು.

ಬಸ್ ಬರೋವರೆಗೂ ಹೇಳಿದರು. ಅದು ಮನೆ ವಿಷಯ, ಇಲ್ಲಿ ಬೇಡ. ಇಷ್ಟನ್ನ ಅವರನ್ನ ಕೇಳಿಯೇ ಹೇಳ್ತಿದೀನಿ, ಹೆಸರು ಮಾತ್ರ ಹೇಳಬೇಡಿ ಅಂದರು.

ಮುಂದಿನ ಶನಿವಾರ ಭಾಷಣ ನಂದು. ಆ-ಕೌಂಟರ್ ಅವರು. ತಾವೇ ಕೇಳಿ ತಗೊಂಡಿದಾರೆ. ಎಷ್ಟು ಗೆರೆ ಬಿತ್ತು ಅಂತ ಮುಂದಿನ ಎಪಿಸೋಡ್‌ನಲ್ಲಿ ಹೇಳ್ತೀನಿ.