ಮೊದಲ ಪ್ರತಿ ಯಾರ ಕೈಗೆ?



ಗದುಗಿನ ಈ ಸಮಾವೇಶದ ಅಧ್ಯಕ್ಷತೆ ವಹಿಸಬೇಕೆಂದು ಸಂಘಟಕರು ಮನೆಗೆ ಬಂದಾಗ ನಾನು ಕೇಳಿದ್ದು ಒಂದೇ: ಬಿಡುಗಡೆಯಾಗುವ ಪುಸ್ತಕಗಳನ್ನು ಮೊದಲೇ ಕಳಿಸುತ್ತೀರಾ? ಕಳಿಸಿದರು. ಹದಿನೈದು ದಿನ ಅವುಗಳ ಜೊತೆಗೇ ಕಳೆದೆ. ಓದದೆ ಇದ್ದ ಪುಸ್ತಕದ ಬಣ್ಣದ ಕಾಗದ ಬಿಚ್ಚಿ, ಕ್ಯಾಮೆರಾಕ್ಕೆ ಎತ್ತಿ ಹಿಡಿಯುವುದು ನನ್ನಿಂದ ಆಗದ ಕೆಲಸ.

ಇಲ್ಲಿಂದ ಹತ್ತು-ಹನ್ನೆರಡು ಕಿಲೊಮೀಟರ್ ಹೋದರೆ ಲಕ್ಕುಂಡಿ. ಅಲ್ಲಿಯ ಬ್ರಹ್ಮ ಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯ ಕತೆ ನಿಮಗೆಲ್ಲ ಗೊತ್ತು. ಗಂಡ ನಾಗದೇವ ಯುದ್ಧದಲ್ಲಿ ಮಡಿದ. ಅದೇ ಗಂಡನ ಕೈಹಿಡಿದಿದ್ದ ತಂಗಿ ಗುಂಡಮಬ್ಬೆ ಚಿತೆಯೇರಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಉಳಿದವಳು ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಇಷ್ಟನ್ನು ಶಾಲೆಯಲ್ಲೇ ಓದಿದ್ದೇವೆ. ಆದರೆ ಬಹಳ ದಿನ ನನ್ನ ಗಮನಕ್ಕೆ ಬಾರದೇ ಇದ್ದ ಸಂಗತಿಯೊಂದಿದೆ. ಆ ಕಾವ್ಯವನ್ನು ಪೊನ್ನನಿಂದ ಬರೆಸಿದವರು ಆಕೆಯ ತಂದೆ ಮಲ್ಲಪಯ್ಯ ಮತ್ತು ಅವನ ಸಹೋದರ ಪುನ್ನಮಯ್ಯ. ತಮ್ಮ ಗುರು ಜಿನಚಂದ್ರರ ನೆನಪಿಗೆಂದು ಬರೆಸಿದರು. ಅಪ್ಪ ಬರೆಸಿದ್ದನ್ನು ಮಗಳು ಊರೂರಿಗೆ ಮುಟ್ಟಿಸಿದಳು. ಒಂದೊಂದು ಗರಿಯ ಮೇಲೂ ಕಂಟದಿಂದ ಅಕ್ಷರ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿ! ಇಂದು ನಮ್ಮ ಎಷ್ಟೋ ಕವನ ಸಂಕಲನಗಳು ಐದುನೂರು ದಾಟುವುದಿಲ್ಲ. ಪುಸ್ತಕ ಬಿಡುಗಡೆ ಎಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಆ ಮನೆ.

ಒಂಬೈನೂರು ವರ್ಷ ಕಳೆದ ಮೇಲೆ ನಂಜನಗೂಡಿನಲ್ಲಿ ಇನ್ನೊಂದು ಮನೆ. 1887ರಲ್ಲಿ ಹುಟ್ಟಿದ ತಿರುಮಲಾಂಬ ಹದಿನಾಲ್ಕನೆಯ ವಯಸ್ಸಿಗೇ ವಿಧವೆಯಾದರು. ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಮಗಳನ್ನು ಮೂಲೆಗೆ ಕೂರಿಸಲಿಲ್ಲ, ಪುಸ್ತಕದ ಮುಂದೆ ಕೂರಿಸಿದರು. 1913ರಲ್ಲಿ ಆಕೆ ‘ಸತೀಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿ, ತಮ್ಮದೇ ಕಾದಂಬರಿ ‘ಸುಶೀಲೆ’ಯನ್ನು ಮೊದಲ ಪುಸ್ತಕವಾಗಿ ತಂದರು. ಮುಂದೆ ಶಿವಮೊಗ್ಗದಲ್ಲಿ ಮತ್ತೊಬ್ಬ ತಂದೆ ಎಂಟು ವರ್ಷದ ಮಗಳನ್ನು ಕನ್ನಡ ಶಾಲೆಗೆ ಕರೆದೊಯ್ದರು. ಆರು ತಿಂಗಳಲ್ಲಿ ಕನ್ನಡ ಓದು ಬರಹ ಬಂದರೆ ಮಾತ್ರ ಉಳಿಸಿಕೊಳ್ಳುತ್ತೇವೆ ಎಂದರಂತೆ ಶಾಲೆಯವರು. ಹುಡುಗಿಗೆ ಕೆಲವೇ ದಿನ ಸಾಕಾಯಿತು. ಆ ಹುಡುಗಿ ಬಾನು ಮುಷ್ತಾಕ್. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕತೆಗಳ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಗೆದ್ದಾಗ ನಾವೆಲ್ಲ ಕುಣಿದೆವು. ನನ್ನ ಕಣ್ಣ ಮುಂದೆ ಮಾತ್ರ ಮಗಳ ಕೈ ಹಿಡಿದು ಶಾಲೆಯ ಬಾಗಿಲಲ್ಲಿ ನಿಂತ ಆ ತಂದೆಯೇ ಇದ್ದರು.

ನಮ್ಮ ಮನೆಯಲ್ಲಿ ಇಂಥದ್ದೇನೂ ಇರಲಿಲ್ಲ. ಅವ್ವ ಎರಡನೆಯ ಇಯತ್ತೆಯವರೆಗೆ ಓದಿದವಳು. ಅಕ್ಷರ ಕೂಡಿಸಿ ಕೂಡಿಸಿ ಓದಬೇಕು, ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ಹಾಗಾಗಿ ವಾರಪತ್ರಿಕೆಯ ಧಾರಾವಾಹಿಯನ್ನು ಒಲೆಯ ಪಕ್ಕ ಕೂತು ಓದಿ ಹೇಳುವ ಕೆಲಸ ನನ್ನದು. ರೊಟ್ಟಿ ಬಡಿಯುವ ಸಪ್ಪಳದಿಂದಲೇ ಕತೆ ಅವಳಿಗೆ ಹೇಗೆ ತಟ್ಟುತ್ತಿದೆ ಎಂದು ತಿಳಿಯುತ್ತಿತ್ತು. ಕಷ್ಟದ ಸನ್ನಿವೇಶ ಬಂದರೆ ಕೈ ನಿಂತುಬಿಡುತ್ತಿತ್ತು. “ಮುಂದೇನಾತು, ಲಗೂನ ಓದವಾ” ಎನ್ನುತ್ತಿದ್ದಳು. ಓದಿ ಮುಗಿದ ಪುಟಗಳನ್ನು ಹರಿದಿಟ್ಟು, ಕಾದಂಬರಿ ಮುಗಿದಾಗ ದಬ್ಬಣ ಸುತಳಿ ಹಿಡಿದು ತಾನೇ ಹೊಲಿಯುತ್ತಿದ್ದಳು. ರಟ್ಟಿಗೆ ಹಳೆಯ ಕ್ಯಾಲೆಂಡರು. ನಮ್ಮ ಮನೆಯ ಗ್ರಂಥಾಲಯ ಅಂದರೆ ಹಿಟ್ಟಿನ ಬೆರಳಚ್ಚು ಮೂಡಿದ ಅಂಥ ಏಳು ಪುಸ್ತಕ.

ಒಂದು ಮಳೆಗಾಲ ಹಳ್ಳ ಬಂದು ಬಸ್ಸು ನಿಂತಿತು. ಒಂದು ವಾರದ ಸಂಚಿಕೆ ಊರಿಗೆ ಬರಲೇ ಇಲ್ಲ. ಹಿಂದಿನ ವಾರ ಕಥಾನಾಯಕಿ ಗಂಡನ ಮನೆ ಬಿಟ್ಟು ಹೊರಟಿದ್ದಳು. ಮುಂದಿನ ಸಂಚಿಕೆ ಬಂದಾಗ ಅದೇ ಮನೆಯ ಪಡಸಾಲೆಯಲ್ಲಿದ್ದಾಳೆ. ನಡುವೆ ಏನಾಯಿತು? ಅವ್ವ ಎರಡು ದಿನ ಯೋಚಿಸಿದಳು. ಮೂರನೆಯ ದಿನ, “ನಾ ಹೇಳತೇನಿ, ಬರಕೋ” ಎಂದಳು. ನನ್ನ ಶಾಲೆಯ ನೋಟುಬುಕ್ಕಿನ ನಡುವಿನ ಹಾಳೆ ಕಿತ್ತು ಬರೆದುಕೊಂಡೆ. ಅವಳ ಕತೆಯಲ್ಲಿ ಆ ಹೆಣ್ಣುಮಗಳು ತವರಿಗೆ ಹೋಗುವುದಿಲ್ಲ. ಊರ ಹೊರಗಿನ ಬಾವಿಯ ತನಕ ಹೋಗುತ್ತಾಳೆ, ಕೂರುತ್ತಾಳೆ, ಹೊತ್ತು ಮುಳುಗಿದ ಮೇಲೆ ಎದ್ದು ತಾನಾಗಿಯೇ ತಿರುಗಿ ಬರುತ್ತಾಳೆ. ಅತ್ತೆ ಕೇಳಿದರೆ, “ನೀರಿಗೆ ಹೋಗಿದ್ದೆ” ಎನ್ನುತ್ತಾಳೆ. ಅಷ್ಟೇ. ಆ ಹಾಳೆಯನ್ನೂ ಸೇರಿಸಿ ಅವ್ವ ಪುಸ್ತಕ ಹೊಲಿದಳು.

ಕಾಲೇಜಿಗೆ ಹೋದಾಗ ಗ್ರಂಥಾಲಯದಲ್ಲಿ ಆ ಸಂಚಿಕೆ ಸಿಕ್ಕಿತು. ಅದರಲ್ಲಿ ಅಣ್ಣ ಬರುತ್ತಾನೆ, ಪಂಚಾಯಿತಿಯಾಗುತ್ತದೆ, ರಾಜಿಯಾಗುತ್ತದೆ. ಓದಿ ಮುಗಿಸಿ ಬಹಳ ಹೊತ್ತು ಅಲ್ಲೇ ಕುಳಿತೆ. ಅವ್ವ ಆ ಬಾವಿಯನ್ನು ಎಲ್ಲಿಂದ ತಂದಿದ್ದಳು ಎಂದು ಅದುವರೆಗೆ ನನಗೆ ಹೊಳೆದಿರಲಿಲ್ಲ. ಊರಿಗೆ ಹೋದಾಗ ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಅವಳು ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಓದು ಎಂದರೇನು ಎಂದು ಯಾರಾದರೂ ಕೇಳಿದರೆ ಆ ನೋಟುಬುಕ್ಕಿನ ಹಾಳೆಯನ್ನು ತೋರಿಸಬೇಕು ಅನ್ನಿಸುತ್ತದೆ. ಓದುತ್ತ ಕೇಳುತ್ತಲೇ ಅವಳಿಗೆ ತನ್ನ ಮಾತನ್ನು ಹೇಳುವ ದಾರಿ ಸಿಕ್ಕಿತ್ತು.

ಮನೆಯವರ ಮಾತನ್ನು ಬರೆಯುವುದು ಸುಲಭವಲ್ಲ. ಒಬ್ಬ ಹೆಣ್ಣುಮಗಳು ವಾರಪತ್ರಿಕೆಗೆ ಕತೆ ಕಳಿಸಿದಳು. ಅದರಲ್ಲಿ ನಿಜ ಜೀವನದ ಎಳೆಯಿತ್ತು, ಅಳುಕಿ ಅಚ್ಚು ಮಾಡಬೇಡಿ ಎಂದು ಬರೆದಳು. ಸಂಪಾದಕರು ಬೇರೆ ಹೆಸರಿಟ್ಟು ಅಚ್ಚು ಮಾಡಿದರು. ಕುಂದಾಪುರದ ಜಾನಕಿ ನಮಗೆ ವೈದೇಹಿಯಾಗಿ ಸಿಕ್ಕಿದ್ದು ಹಾಗೆ. ಇನ್ನೊಂದು ಕಡೆ ಗಿರೀಶ ಕಾರ್ನಾಡರನ್ನು ನೋಡಿ. ತಾನು ಹೊಟ್ಟೆಯಲ್ಲಿದ್ದಾಗ ಗರ್ಭ ತೆಗೆಸಲೆಂದು ತಾಯಿ ಆಸ್ಪತ್ರೆಗೆ ಹೋಗಿದ್ದರು, ಡಾಕ್ಟರು ಬಾರದ್ದರಿಂದ ತಾನು ಉಳಿದೆ ಎಂಬುದನ್ನು ಊಟದ ಹೊತ್ತಿನಲ್ಲಿ ತಾಯಿಯ ಬಾಯಿಂದಲೇ ಕೇಳಿದವರು ಅವರು. ಅದನ್ನು ಆತ್ಮಕಥೆ ‘ಆಡಾಡತ ಆಯುಷ್ಯ’ದ ಹೊಸ್ತಿಲಲ್ಲೇ ಇಟ್ಟು, ಬಾರದೆ ಹೋದ ಆ ಡಾಕ್ಟರಿಗೇ ಪುಸ್ತಕವನ್ನು ಅರ್ಪಿಸಿದರು. ಮರೆಮಾಡಿ ಬರೆದ ವೈದೇಹಿಯವರ ಕತೆಗಳೂ ತೆರೆದಿಟ್ಟ ಕಾರ್ನಾಡರ ಬದುಕೂ ನನಗೆ ಒಂದೇ ತೂಕದವು. ಮನೆಯವರನ್ನು ಹೊಗಳಲಿಕ್ಕಷ್ಟೇ ಬರೆದ ನೆನಪಿನ ಪುಸ್ತಕಗಳು ನನ್ನ ಕಪಾಟಿನಲ್ಲಿ ಬಹಳ ದಿನ ನಿಲ್ಲುವುದಿಲ್ಲ.

ಕಾರ್ನಾಡರ ‘ಯಯಾತಿ’ಯನ್ನೂ ಈ ಆತ್ಮಕಥೆಯನ್ನೂ ತಂದದ್ದು ಧಾರವಾಡದ ಮನೋಹರ ಗ್ರಂಥಮಾಲೆ. 1933ರಲ್ಲಿ ಅದನ್ನು ಕಟ್ಟಿದ ಜಿ.ಬಿ. ಜೋಶಿಯವರು ಇಲ್ಲೇ ಹೊಂಬಳದವರು ಎಂಬುದನ್ನು ಗದುಗಿನವರು ಇನ್ನಷ್ಟು ಹೆಮ್ಮೆಯಿಂದ ಹೇಳಿಕೊಳ್ಳಬೇಕು. ಚಂದಾದಾರರ ಮನೆಮನೆಗೆ ಪುಸ್ತಕ ಮುಟ್ಟಿಸಿದ ಸಂಸ್ಥೆ ಅದು. ಅಜ್ಜನ ಕೆಲಸವನ್ನು ಮಗ, ಮೊಮ್ಮಗ ಹಿಡಿದುಕೊಂಡು ಬಂದರು.

ಇನ್ನು ಇಂದಿನ ನಾಲ್ಕು ಪುಸ್ತಕಗಳು. ಅಂಗನವಾಡಿ ಶಿಕ್ಷಕಿಯೊಬ್ಬರ ಕತೆಗಳು, ಇಬ್ಬರ ಕವನ ಸಂಕಲನಗಳು, ಬೆಟಗೇರಿಯ ಯುವಕರೊಬ್ಬರ ಪ್ರಬಂಧಗಳು. ಕತೆಗಳ ಭಾಷೆ ನನಗೆ ತುಂಬ ಹಿಡಿಸಿತು. ಕವನ ಸಂಕಲನಗಳ ಪೈಕಿ ಒಂದನ್ನು ಇನ್ನೊಮ್ಮೆ ಜರಡಿ ಹಿಡಿಯಬೇಕಿತ್ತು. ಅದನ್ನು ಆ ಕವಿಗೆ ನಿನ್ನೆಯೇ ಹೇಳಿದ್ದೇನೆ, ಅವರು ಬೇಸರಿಸಿಕೊಳ್ಳದೆ ಕೇಳಿದರು. ನಾಲ್ಕರಲ್ಲೂ ‘ಲೇಖಕರ ಮಾತು’ ಇದೆ. ಮುನ್ನುಡಿ ಬರೆದವರಿಗೆ, ಪ್ರಕಾಶಕರಿಗೆ, ಮುಖಪುಟ ಕಲಾವಿದರಿಗೆ ಕೃತಜ್ಞತೆ ಮುಗಿದ ಮೇಲೆ ಕಟ್ಟಕಡೆಯ ಸಾಲಿನಲ್ಲಿ “ಸಹಕರಿಸಿದ ಮನೆಯವರಿಗೆ” ಎಂದು ಬರುತ್ತದೆ. ಸಹಕರಿಸಿದ! ಆ ಒಂದು ಪದದ ಹಿಂದೆ ರಾತ್ರಿ ಹನ್ನೊಂದಕ್ಕೆ ಮಗುವನ್ನು ತಟ್ಟಿ ಮಲಗಿಸಿದ ಗಂಡನಿದ್ದಾನೆ, ಬಳೆ ಒತ್ತೆಯಿಟ್ಟು ಅಚ್ಚಿನ ಖರ್ಚು ತುಂಬಿದ ಹೆಂಡತಿಯಿದ್ದಾಳೆ.

ಬೆಟಗೇರಿಯ ಪ್ರಬಂಧಕಾರರು ಮಾತ್ರ ಒಂದು ಪುಟವನ್ನೇ ಕೊಟ್ಟಿದ್ದಾರೆ. ಅವರ ತಂದೆ ಇಲ್ಲಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವರು. ಸವೆದ ಮೊಳೆಗಳನ್ನು ಅಂಗಿಯ ಕಿಸೆಯಲ್ಲಿ ಮಗನಿಗೆ ಆಟಿಕೆಯಾಗಿ ತರುತ್ತಿದ್ದರಂತೆ. ಹುಡುಗ ಅಕ್ಷರ ಕಲಿತದ್ದು ಅವುಗಳಿಂದ, ಎಲ್ಲವೂ ತಿರುವುಮುರುವು. ಶಾಲೆಯ ಪಾಟಿಯ ಮೇಲೂ ಹಾಗೆಯೇ ಬರೆದು ಏಟು ತಿಂದನಂತೆ. ಆ ಸಂಜೆ ತಂದೆ ಒಂದು ಕನ್ನಡಿ ತಂದು ಪಾಟಿಯ ಮುಂದೆ ಹಿಡಿದು, “ನೋಡಪಾ, ನೀ ಬರದಿದ್ದು ಬರೋಬರಿ ಐತಿ” ಎಂದರಂತೆ. ಈ ಪುಟ ಓದಿ ನಾನು ಪುಸ್ತಕ ಮುಚ್ಚಿಟ್ಟೆ, ಆ ದಿನ ಮುಂದೆ ಓದಲಾಗಲಿಲ್ಲ.

ಮಕ್ಕಳು ಓದುತ್ತಿಲ್ಲ ಎಂಬ ದೂರು ಪ್ರತಿ ಸಮಾವೇಶದಲ್ಲೂ ಬರುತ್ತದೆ. ನಾನು ಆ ದೂರಿಗೆ ದನಿಗೂಡಿಸುವುದಿಲ್ಲ. ನಾವು ದೊಡ್ಡವರು ಅವರ ಎದುರು ಕೂತು ಗಟ್ಟಿಯಾಗಿ ಓದಿ ಎಷ್ಟು ದಿನವಾಯಿತು? 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರವಿದೆ. ಮನೆಪಟ್ಟಿ ಕಟ್ಟುವಾಗಲೇ ಪುಸ್ತಕಕ್ಕೂ ಹಣ ಕಟ್ಟಿರುತ್ತೇವೆ. ಕಟ್ಟಿದ ಮೇಲೆ ಒಮ್ಮೆ ಒಳಗೆ ಹೋಗಿ, ಮೊಮ್ಮಗನನ್ನೋ ಮೊಮ್ಮಗಳನ್ನೋ ಕರೆದುಕೊಂಡು ಹೋಗಿ. ಮನೆಗೆ ಒಂದು ಪುಸ್ತಕ ತನ್ನಿ. ಅಡುಗೆ ಮಾಡುತ್ತಿರುವವರಿಗೆ ಕೇಳುವಂತೆ ಓದಿ.

ಸಂಘಟಕರಲ್ಲಿ ಕೊನೆಯದೊಂದು ಬೇಡಿಕೆ. ಬಣ್ಣದ ಕಾಗದ ಸುತ್ತಿದ ಮೊದಲ ಪ್ರತಿಗಳನ್ನು ನನ್ನ ಮುಂದಿನ ಮೇಜಿನ ಮೇಲೆ ಇಟ್ಟಿದ್ದೀರಿ. ಅವನ್ನು ಬಿಚ್ಚುವ ಕೈ ನನ್ನದಾಗಬಾರದು. ಮೂರನೆಯ ಸಾಲಿನಲ್ಲಿ ಬಿಳಿ ಟೊಪ್ಪಿಗೆ ಹಾಕಿಕೊಂಡು ಕೂತಿದ್ದಾರಲ್ಲ, ನಲವತ್ತು ವರ್ಷ ಮೊಳೆ ಜೋಡಿಸಿದ ಹಿರಿಯರು, ಅವರು ಬರಲಿ. ಅಂಗನವಾಡಿ ಶಿಕ್ಷಕಿಯ ಯಜಮಾನರು ಮಗುವನ್ನು ಎತ್ತಿಕೊಂಡೇ ಬರಲಿ. ಇಬ್ಬರು ಕವಿಗಳ ಮನೆಯವರೂ ಬರಲಿ. ಬರ್ರಿ ಅಪ್ಪಾ, ನಿಧಾನಕ್ಕ ಮೆಟ್ಟಿಲು ಹತ್ತರಿ. ಮೈಕು ಇಲ್ಲಿದೆ. ಮಗ ನಿಮ್ಮ ಬಗ್ಗೆ ಬರೆದದ್ದು ಒಂಬತ್ತನೆಯ ಪುಟದಲ್ಲಿದೆ. ನೀವೇ ಓದಬೇಕು, ನಾವೆಲ್ಲ ಕೇಳತೇವಿ.