ಗಡ್ಡೆಯ ಸುದ್ದಿ ಹೇಳುವ ನೀರು

ರೋಣದ ಮಕ್ಕಳೇ, ‘ಅಜ್ಜಗ ಹುಬ್ಬಳ್ಳ್ಯಾಗ ಎಂಆರ್‌ಐ ಮಾಡಿಸಿದ್ರಂತ’ ಎಂಬ ಮಾತು ನಿಮ್ಮ ಓಣಿಯಲ್ಲಿ ಎಂದಾದರೂ ಕಿವಿಗೆ ಬಿದ್ದಿರಬಹುದು. ಹೊಟ್ಟೆ ಕೊಯ್ಯದೆ ಆ ಯಂತ್ರ ಒಳಗಿನದನ್ನು ಹೇಗೆ ನೋಡುತ್ತದೆ? ನಮ್ಮ ಮೈಯೊಳಗಿನ ನೀರಿನ ನೆರವಿನಿಂದ.

ನಮ್ಮ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇದೆ. ನೀರಿನ ಪ್ರತಿ ಅಣುವಿನಲ್ಲೂ ಎರಡು ಜಲಜನಕ ಪರಮಾಣುಗಳು. ಪ್ರತಿ ಜಲಜನಕ ಪರಮಾಣುವಿನ ಒಳಗಿನ ನ್ಯೂಕ್ಲಿಯಸ್ಸೂ ಒಂದು ಪುಟ್ಟ ಅಯಸ್ಕಾಂತ. ಎಂಆರ್‌ಐ ಕೊಳವೆಯ ಸುತ್ತ ಇರುವುದೂ ಅಯಸ್ಕಾಂತವೇ, ಆದರೆ ದೈತ್ಯ. ಕಾಂತಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ; 1.5 ಟೆಸ್ಲಾದ ಯಂತ್ರವಾದರೆ ಅದರ ಬಲ ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು. ಅದರೊಳಗೆ ನಮ್ಮ ಪುಟ್ಟ ಅಯಸ್ಕಾಂತಗಳಲ್ಲಿ ಕೆಲವು ಒಂದೇ ದಿಕ್ಕಿಗೆ ವಾಲುತ್ತವೆ. ರೇಡಿಯೋ ಅಲೆ ಬಿಟ್ಟಾಗ ದಿಕ್ಕು ಬದಲಿಸುತ್ತವೆ. ಅಲೆ ನಿಂತ ಮೇಲೆ ಮೊದಲಿನ ಸ್ಥಿತಿಗೆ ಮರಳುತ್ತ ತಾವೂ ಸಣ್ಣ ಸಂಕೇತ ಕೊಡುತ್ತವೆ. ಕಂಪ್ಯೂಟರ್ ಅದರಿಂದ ಚಿತ್ರ ಕಟ್ಟುತ್ತದೆ. ಈ ದಾರಿ ತೋರಿಸಿದ ಪಾಲ್ ಲಾಟರ್‌ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರಲ್ಲಿ ನೊಬೆಲ್ ಬಂತು.

ಈಗ ಈ ಯಂತ್ರದ ನೆರವು ಬೇಕಾಗುವ ಒಂದು ಅಂಗದ, ಮೇದೋಜೀರಕ ಗ್ರಂಥಿಯ ವಿಷಯ. ಜಠರದ ಹಿಂದೆ ಅಡಗಿರುವ, ಸುಮಾರು 15 ಸೆಂ.ಮೀ. ಉದ್ದದ ಅಂಗ ಇದು. ಉಂಡದ್ದನ್ನು ಅರಗಿಸುವ ರಸವನ್ನೂ ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ನನ್ನೂ ತಯಾರಿಸುತ್ತದೆ. ಅಷ್ಟು ಆಳದಲ್ಲಿರುವುದರಿಂದ ಅಲ್ಲಿ ಗಡ್ಡೆ ಬೆಳೆದರೂ ಹೊರಗಿನಿಂದ ಕೈಗೆ ಸಿಗುವುದು ಕಷ್ಟ. ಇನ್ಸುಲಿನ್‌ನಂಥ ಹಾರ್ಮೋನು ತಯಾರಿಸುವ ಕೋಶಗಳಲ್ಲಿ ಹುಟ್ಟುವ ಒಂದು ಬಗೆಯ ಗಡ್ಡೆಯನ್ನು ವೈದ್ಯರು 1, 2, 3 ಎಂದು ದರ್ಜೆಗೆ ಹಚ್ಚುತ್ತಾರೆ. ಗಡ್ಡೆ ಎಷ್ಟು ದೂರ ಹರಡಿದೆ ಎಂಬ ಲೆಕ್ಕವೇ ಬೇರೆ. ದರ್ಜೆ ಹೇಳುವುದು ಅದು ಬೆಳೆಯುವ ವೇಗವನ್ನು. ಸೂಜಿಯಿಂದ ತುಣುಕು ತೆಗೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ನೂರರಲ್ಲಿ ಮೂರಕ್ಕಿಂತ ಕಡಿಮೆ ಕೋಶಗಳು ಒಡೆದು ಎರಡಾಗುವ ತಯಾರಿಯಲ್ಲಿದ್ದರೆ 1ನೇ ದರ್ಜೆ, 3ರಿಂದ 20 ಇದ್ದರೆ 2ನೆಯದು, ಅದಕ್ಕೂ ಹೆಚ್ಚಾದರೆ 3ನೆಯದು.

ಆದರೆ ಸೂಜಿಗೆ ಸಿಕ್ಕ ತುಣುಕು ಇಡೀ ಗಡ್ಡೆಯ ಕಥೆ ಹೇಳದೆ ಇರಬಹುದು. ಇಲ್ಲಿ ಎಂಆರ್‌ಐ ನೆರವಿಗೆ ಬರುತ್ತದೆ. ಗಜೇಂದ್ರಗಡದ ಕಾಲಕಾಲೇಶ್ವರನ ಜಾತ್ರೆ ನೆನಪಿಸಿಕೊಳ್ಳಿ: ಬಯಲಲ್ಲಿ ಬೇಕಾದಂತೆ ಓಡಾಡಬಹುದು, ತೇರಿನ ಸುತ್ತ ಮಂದಿ ಕಿಕ್ಕಿರಿದಾಗ ಹೆಜ್ಜೆ ಎತ್ತಿಡುವುದೂ ಕಷ್ಟ. ನೀರಿನ ಅಣುಗಳೂ ಹಾಗೇ. ಅವು ಸುಮ್ಮನೆ ನಿಲ್ಲುವುದೇ ಇಲ್ಲ. ಕೋಶಗಳು ಒತ್ತೊತ್ತಾಗಿ ತುಂಬಿದ ಕಡೆ ಮಾತ್ರ ಅವುಗಳ ಓಡಾಟ ಕುಗ್ಗುತ್ತದೆ. ಮೇಲಿನ ದರ್ಜೆಯ ಗಡ್ಡೆಗಳಲ್ಲಿ ಕೋಶಗಳು ಹೆಚ್ಚಾಗಿ ಹೀಗೆ ಒತ್ತಾಗಿರುತ್ತವೆ. ಅಣುಗಳ ಓಡಾಟವನ್ನು ಎಂಆರ್‌ಐ ಅಳೆಯಬಲ್ಲದು, ಅದೂ ಇಡೀ ಗಡ್ಡೆಯ ಉದ್ದಗಲಕ್ಕೆ! ನನಗೆ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆರಗು ಹುಟ್ಟಿಸುವುದು ಇದೇ. ಆದರೂ ಓಡಾಟ ನೋಡಿ ದರ್ಜೆ ಹೇಳುವುದು ಅಂದಾಜು ಮಾತ್ರ. ಒಂದು ದರ್ಜೆಯ ಅಳತೆ ಇನ್ನೊಂದರ ಜೊತೆ ಬೆರೆಯುವುದುಂಟು, ಹಾಗಾಗಿ ಕೊನೆಯ ಮಾತು ಸೂಕ್ಷ್ಮದರ್ಶಕದ್ದೇ.

ಎಂಆರ್‌ಐಯಲ್ಲಿ ಎಕ್ಸ್‌ರೇ ಕಿರಣಗಳಿಲ್ಲ. ನೋವಿಲ್ಲ, ಢಬಢಬ ಸದ್ದು ಮಾತ್ರ ಜೋರು. ಮನೆಯಿಂದ ಅಜ್ಜನೋ ಆಯಿಯೋ ಹೊರಟರೆ ಉಂಗುರ, ಕಿವಿಯೋಲೆ, ಗಡಿಯಾರ, ಮೊಬೈಲು ಎಲ್ಲ ಹೊರಗೇ ಇಡಲು ನೆನಪಿಸಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಮೈಯೊಳಗೆ ರಾಡು ಹಾಕಿದ್ದರೆ, ಒಳಗೆ ಹೋಗುವ ಮೊದಲೇ ಅಲ್ಲಿನ ಸಿಬ್ಬಂದಿಗೆ ಹೇಳಿಬಿಡಿ.